ಬೀರು ಮಾಮನ ನ್ಯಾಯ

ಒಂದನೇ ಕ್ಲಾಸಿನ ಮೇಡಂಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ: ಐದನೇ ಕ್ಲಾಸು. ಬಂಗಲೆ ಬೇಡ, ಕಾರು ಬೇಡ, ಅದೇ ಶಾಲೆಯಲ್ಲಿ ಮೆಟ್ಟಿಲು ಹತ್ತಿ ಬಲಕ್ಕೆ ತಿರುಗಿದರೆ ಸಿಗುವ ಐದನೇ ಕ್ಲಾಸು ಸಾಕು. ಅಲ್ಲಿನ ಮಕ್ಕಳು ತಮ್ಮ ಮೂಗು ತಾವೇ ಒರೆಸಿಕೊಳ್ಳುತ್ತಾರೆ. ತಮ್ಮ ಚಡ್ಡಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ವಾಂತಿ ಬಂದರೆ ಓಡಿ ಹೊರಗೆ ಹೋಗುತ್ತಾರೆಯೇ ಹೊರತು ಟೀಚರ ಮಡಿಲು ಹುಡುಕಿಕೊಂಡು ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ದೊಡ್ಡವರು ಕೂರುವಂಥ, ಕೈಯಿರುವ ಕುರ್ಚಿಯಿದೆ. ಊಟದ ಬಿಡುವಿನಲ್ಲಿ ಮೇಡಂ ಏನಾದರೂ ನೆಪ ಮಾಡಿಕೊಂಡು ಮೇಲೆ ಹೋಗಿ, ಆ ಖಾಲಿ ಕೋಣೆಯ ಬಾಗಿಲಲ್ಲಿ ನಿಂತು, ಪಕ್ಕದ ಮನೆಯವರ ಒಡವೆ ನೋಡುವ ಹಾಗೆ ಆ ಕುರ್ಚಿಯನ್ನು ನೋಡಿ ಬರುತ್ತಿದ್ದರು.

ಒಂದನೇ ಕ್ಲಾಸು ಎಂದರೆ ಏನೆಂದು ಹೊರಗಿನವರಿಗೆ ಗೊತ್ತಿಲ್ಲ. "ಚಿಕ್ಕ ಮಕ್ಕಳು ತಾನೇ, ಅ ಆ ಇ ಈ ಹೇಳಿಕೊಟ್ಟರೆ ಆಯಿತು" ಎನ್ನುವವರನ್ನು ಹಿಡಿದು ತಂದು, ಒಂದು ಸೋಮವಾರ ಬೆಳಗ್ಗೆ ಆ ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಬೇಕು. ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಕಷ್ಟ ಎನ್ನುತ್ತಾರೆ. ಕಪ್ಪೆಗಳಿಗೆ ಪಾಠದ ಮಧ್ಯೆ ಹಲ್ಲಾದರೂ ಬೀಳುವುದಿಲ್ಲ. ಇಲ್ಲಿ ಕೂಡುವ ಲೆಕ್ಕದ ನಡುವೆ ಒಬ್ಬನ ಹಲ್ಲು ಬೀಳುತ್ತದೆ, ರಕ್ತ ನೋಡಿ ಪಕ್ಕದವಳು ಅಳುತ್ತಾಳೆ, ಅವಳು ಅತ್ತದ್ದಕ್ಕೆ ಹಿಂದಿನ ಸಾಲು ಪೂರ್ತಿ ಅಳುತ್ತದೆ, ಹಲ್ಲು ಕಳೆದುಕೊಂಡವನು ಮಾತ್ರ ಅದನ್ನು ಎತ್ತಿ ಹಿಡಿದು ಪಂದ್ಯ ಗೆದ್ದವನಂತೆ ಕೋಣೆ ಸುತ್ತುತ್ತಾನೆ. ನಿನ್ನೆ ಗಡಗಡ ಓದಿದವನು ಇವತ್ತು ಅಕ್ಷರವನ್ನೇ ಕಂಡಿಲ್ಲದವನ ಹಾಗೆ ಬಾಯಿ ಬಿಟ್ಟುಕೊಂಡು ಕೂರುತ್ತಾನೆ. ಒಬ್ಬಳು ಶೂ ಬಿಚ್ಚಿಟ್ಟಿದ್ದಾಳೆ, ಕಾಲಿಗೆ ಬೇಜಾರಾಗಿದೆಯಂತೆ. ಒಬ್ಬ ಮೇಜಿನ ಕೆಳಗೆ ಸೇರಿಕೊಂಡಿದ್ದಾನೆ, ಅವನು ಇವತ್ತು ಬೆಕ್ಕಂತೆ. ಬೆಕ್ಕಿಗೆ ಹಾಜರಿ ಹಾಕಬೇಕೋ ಬೇಡವೋ ಎಂದು ಮೇಡಂಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಇಷ್ಟನ್ನೂ ಮೇಡಂ ಸಹಿಸಿಕೊಂಡಿದ್ದರು. ಸಹಿಸಲಾಗದೆ ಇದ್ದದ್ದು ದೂರುಗಳನ್ನು. ಬೆಳಗಿನ ಗಂಟೆ ಹೊಡೆದ ಕ್ಷಣದಿಂದ ಸಂಜೆಯ ಗಂಟೆಯವರೆಗೆ ಯಾವುದಾದರೂ ಒಂದು ಕೈ ಅವರ ಬಟ್ಟೆಯ ಅಂಚು ಹಿಡಿದು ಜಗ್ಗುತ್ತಲೇ ಇರುತ್ತಿತ್ತು.

"ಮಿಸ್, ಇವ್ನು ನನ್ನನ್ನೇ ನೋಡ್ತಾನೆ."

"ಮಿಸ್, ಇವ್ಳು ನನ್ನ ನೋಡ್ತಾನೇ ಇಲ್ಲ."

"ಮಿಸ್, ಇವ್ನು ಮನಸ್ಸಲ್ಲೇ ನನ್ನ ಬೈದ."

"ಮನಸ್ಸಲ್ಲಿ ಬೈದಿದ್ದು ನಿಂಗೆ ಹೇಗೋ ಗೊತ್ತಾಯ್ತು?"

"ತುಟಿ ಅಲ್ಲಾಡ್ತು ಮಿಸ್. ಬೇಕಾದ್ರೆ ಇವ್ಳನ್ನ ಕೇಳಿ, ಇವ್ಳೂ ನೋಡಿದಾಳೆ."

ಹೀಗೆ ದೂರಿನ ಜೊತೆ ಸಾಕ್ಷಿಯನ್ನೂ ಎಳೆದು ತರುತ್ತಿದ್ದ ಈ ಹುಡುಗನಿಗೆ ಸ್ಟಾಫ್ ರೂಮಿನಲ್ಲಿ ವಕೀಲ ಎಂದೇ ಹೆಸರು. ಅವನಿಗಿನ್ನೂ ಆರು ವರ್ಷ. ದೊಡ್ಡವನಾದ ಮೇಲೆ ಯಾರ ಮನೆ ಹಾಳು ಮಾಡುತ್ತಾನೋ ಎಂದು ಮೇಡಂ ಆಗಾಗ ಯೋಚಿಸುತ್ತಿದ್ದರು.

ಇಡೀ ದಿನ ದೂರು ಕೇಳಿದವರು ಮನೆಗೆ ಹೋಗಿ ಏನು ಮಾಡುತ್ತಾರೆ? ದೂರು ಹೇಳುತ್ತಾರೆ. ಮೇಡಂ ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಿದ್ದರು: ವಕೀಲ ಹೀಗಂದ, ಬೆಕ್ಕು ಹಾಗೆ ಮಾಡಿತು, ಹೆಡ್‌ಮಾಸ್ಟರು ಈ ವರ್ಷವೂ ಐದನೇ ಕ್ಲಾಸಿನ ಮಾತೆತ್ತಲಿಲ್ಲ. ಔಷಧಿ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಕೆಮ್ಮು ಕೇಳಿ ಬಂದಿರುತ್ತಿದ್ದ ಅವರ ಗಂಡ, ಟಿವಿಯಿಂದ ಕಣ್ಣು ಕೀಳದೆ ಹೂಂಗುಟ್ಟುತ್ತಿದ್ದರು. ಒಂದು ಸಂಜೆ ಆ ಹೂಂ ಕೂಡ ಖರ್ಚಾಗಿಹೋಯಿತು.

"ಅಯ್ಯೋ, ನನ್ನ ಬಿಟ್ಟುಬಿಡೇ. ಹೇಳ್ಲೇಬೇಕು ಅಂದ್ರೆ ಹೋಗಿ ಆ ಬೀರು ಮುಂದೆ ನಿಂತ್ಕೊಂಡು ಹೇಳ್ಕೋ."

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಆ ರಾತ್ರಿ ಗಂಡನ ತಟ್ಟೆಯನ್ನು ಮೇಜಿನ ಮೇಲೆ ಇಡಲಿಲ್ಲ, ಕುಕ್ಕಿದರು. ಕಟ್ಟಿಕೊಂಡವಳ ಮಾತು ಕೇಳುವುದಕ್ಕೆ ಒಂದು ತಗಡಿನ ಡಬ್ಬವನ್ನು ನೇಮಿಸುವ ಗಂಡಸನ್ನು ಏನೆನ್ನಬೇಕು ಎಂದು ಹೊರಳಾಡಿದರು. ಅಷ್ಟೆಲ್ಲ ಹೊರಳಾಡಿದವರು ಮಾರನೆಯ ದಿನ ಮಾಡಿದ್ದೇನು ಗೊತ್ತೇ? ವಕೀಲ ಬಂದು ಬಟ್ಟೆ ಜಗ್ಗಿ, "ಮಿಸ್, ಇವ್ನು ನನ್ನ ನೆರಳು ತುಳಿದ" ಎಂದ. ಮೇಡಂ ತಿರುಗಿಯೂ ನೋಡದೆ, "ಹೋಗಿ ಬೀರು ಹತ್ರ ಹೇಳು" ಎಂದುಬಿಟ್ಟರು.

ಆ ಕೋಣೆಯ ಮೂಲೆಯಲ್ಲೂ ಒಂದು ಬೀರು ಇತ್ತು. ಬಣ್ಣ ಕಿತ್ತ, ಹೊಟ್ಟೆ ತಗ್ಗಾದ, ಗೋಡೆಗೆ ಸರಿಯಾಗಿ ಒರಗದೆ ಓರೆಯಾಗಿ ನಿಂತ ಸ್ಟೀಲಿನ ಬೀರು. ಅದರ ಬೀಗದ ಕೈಯನ್ನು ಹಿಂದಿನ ಯಾವುದೋ ಹೆಡ್‌ಮಾಸ್ಟರು ನಿವೃತ್ತಿಯಾಗುವಾಗ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರಂತೆ. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ವಕೀಲ ಅದರ ಮುಂದೆ ಹೋಗಿ ನಿಂತ, ಮೇಲಿಂದ ಕೆಳಗೆ ನೋಡಿದ, ಬೀಗದ ತೂತಿಗೆ ಬಾಯಿ ಹಚ್ಚಿ ನೆರಳು ತುಳಿದ ವಿಷಯವನ್ನು ಸವಿಸ್ತಾರವಾಗಿ ಹೇಳಿದ. ಬೀರು ಮಧ್ಯೆ ಬಾಯಿ ಹಾಕಲಿಲ್ಲ. "ಹೋಗೋ ಸಾಕು" ಎನ್ನಲಿಲ್ಲ. "ನೀನೇನು ಮಾಡಿದೆ ಅದನ್ನ ಮೊದಲು ಹೇಳು" ಎನ್ನಲಿಲ್ಲ. ವಕೀಲ ಸಮಾಧಾನವಾಗಿ ಬಂದು ತನ್ನ ಜಾಗದಲ್ಲಿ ಕೂತ.

ಮೇಡಂ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಹಾಗೆಯೇ ನಿಂತುಬಿಟ್ಟರು. ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ!

ವಾರದೊಳಗೆ ಕ್ಲಾಸಿನ ಚಹರೆ ಬದಲಾಯಿತು. ದೂರಿದ್ದವರು ಸಾಲಾಗಿ ನಿಲ್ಲಬೇಕು, ಕೈ ಹಿಂದೆ ಕಟ್ಟಿಕೊಳ್ಳಬೇಕು, ಒಬ್ಬೊಬ್ಬರೇ ಹೋಗಿ ತೂತಿನಲ್ಲಿ ಹೇಳಿ ಬರಬೇಕು. ಮೇಡಂಗೆ ಹೇಳಲು ಬಂದವರಿಗೆ ಒಂದೇ ಉತ್ತರ, ಮೂಲೆಯ ಕಡೆಗೆ ಚಾಚಿದ ಬೆರಳು. ಮಕ್ಕಳು ಬೀರುವಿಗೆ ಬೀರು ಮಾಮ ಎಂದು ಹೆಸರಿಟ್ಟರು. ಬೆಳಗ್ಗೆ ಬಂದಾಗ ಅದಕ್ಕೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಹಿಡಿಕೆಯ ಮೇಲೆ ಬಿಸ್ಕತ್ತಿನ ಚೂರು ಇಡುತ್ತಿದ್ದರು, ಅದನ್ನು ಇರುವೆಗಳು ಒಯ್ದರೆ ಮಾಮ ತಿಂದ ಎಂದು ಕುಣಿಯುತ್ತಿದ್ದರು. ಮೇಡಂ ಇದನ್ನೆಲ್ಲ ನೋಡಿ ನಕ್ಕು, ತಮ್ಮ ಜನ್ಮದಲ್ಲೇ ಮೊದಲ ಸಲ ಬೋರ್ಡಿನ ಮೇಲೆ ಒಂದಿಡೀ ಸಾಲನ್ನು ಯಾರೂ ಜಗ್ಗದೆ ಬರೆದು ಮುಗಿಸಿದರು. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಎನ್ನುತ್ತಾರಲ್ಲ, ಅಷ್ಟು ಹಾಯಾಗಿತ್ತು.

ಸುದ್ದಿ ಹೆಡ್‌ಮಾಸ್ಟರ ಕಿವಿಗೆ ಬಿತ್ತು. ಈ ಮಹಾಶಯರಿಗೆ ಪಾಠ ಮಾಡುವುದು ಮರೆತು ಬಹಳ ಕಾಲವಾಗಿತ್ತು, ಆದರೆ ಬೇರೆಯವರು ಮಾಡಿದ್ದಕ್ಕೆ ಹೆಸರಿಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬಂದರು, ನೋಡಿದರು, ಬೀರುವಿನ ನೆತ್ತಿಗೆ "ಮಕ್ಕಳ ನ್ಯಾಯಪೀಠ" ಎಂದು ಬಣ್ಣದ ಬೋರ್ಡು ಬಡಿಸಿದರು. ಮೇಲಧಿಕಾರಿ ಸಾಹೇಬರಿಗೆ ಫೋನು ಮಾಡಿ, ತಮ್ಮ ಶಾಲೆಯಲ್ಲಿ ತಾವೊಂದು ಹೊಸ ಪದ್ಧತಿ ತಂದಿರುವುದಾಗಿ ತಿಳಿಸಿದರು. ಸಾಹೇಬರು ನೋಡಲು ಬರುತ್ತೇನೆಂದರು.

"ನೋಡಿ ಮೇಡಂ, ಗುರುವಾರ ಸಾಹೇಬ್ರು ಬರ್ತಾರೆ. ಇದೊಂದು ಚೆನ್ನಾಗಿ ಆಗ್ಬಿಡ್ಲಿ. ಮುಂದಿನ ವರ್ಷ ಐದನೇ ಕ್ಲಾಸು ನಿಮ್ದೇ, ಇದು ನನ್ನ ಮಾತು."

ಮೇಡಂಗೆ ಕೈಯಿರುವ ಕುರ್ಚಿ ಕಣ್ಣ ಮುಂದೆ ಬಂತು.

"ಒಂದೇ ಒಂದು ಕೊರತೆ," ಎಂದರು ಹೆಡ್‌ಮಾಸ್ಟರು ಗಡ್ಡ ಕೆರೆಯುತ್ತ. "ಬೀರು ಸುಮ್ನೆ ನಿಂತಿರುತ್ತಲ್ಲ. ಸಾಹೇಬ್ರು ಏನು ನೋಡ್ಬೇಕು? ನ್ಯಾಯಪೀಠ ಅಂದ್ಮೇಲೆ ಒಂದು ಮಾತಾದ್ರೂ ಆಡ್ಬೇಕು."

"ಅದು ಮಾತಾಡಲ್ಲ ಅಂತಾನೇ ಅಲ್ವಾ ಸರ್ ಮಕ್ಕಳಿಗೆ ಇಷ್ಟ?"

"ಮಕ್ಕಳಿಗೆ ಇಷ್ಟ ಆದ್ರೆ ಏನ್ ಬಂತು ಮೇಡಂ? ಬರ್ತಿರೋರು ಸಾಹೇಬ್ರು."

ಅದಕ್ಕೆ ಎದುರಾಡುವಷ್ಟು ಮೂರ್ಖರಲ್ಲ ಮೇಡಂ. ಬೀರು ಓರೆಯಾಗಿ ನಿಂತಿದ್ದರಿಂದ ಅದರ ಹಿಂದೆ ಒಬ್ಬರು ನಿಲ್ಲುವಷ್ಟು ಸಂದಿಯಿತ್ತು. ಗಡಸು ದನಿಯ ಅಟೆಂಡರನನ್ನು ಅಲ್ಲಿ ನಿಲ್ಲಿಸುವುದು, ಪ್ರತಿ ದೂರಿಗೂ ಅವನು "ನ್ಯಾಯ ಸಿಗುತ್ತೆ ಮಗು, ಹೋಗಿ ಕೂತ್ಕೋ" ಎನ್ನುವುದು ಎಂದು ತೀರ್ಮಾನವಾಯಿತು. ಅಟೆಂಡರ್ ಮೂರು ಸಂಜೆ ಅಭ್ಯಾಸ ಮಾಡಿದ. ಗುರುವಾರ ಬೆಳಗ್ಗೆ ನೋಡಿದರೆ ಹಲ್ಲುನೋವಿನಿಂದ ಅವನ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. "ನ್ಯಾಯ" ಎನ್ನಲು ಹೋದರೆ ಬಾಯಿಂದ ಜೊಲ್ಲು ಬಂತು. ಸಾಹೇಬರ ಜೀಪು ಗೇಟಿನೊಳಗೆ ತಿರುಗುತ್ತಿತ್ತು. ಹೆಡ್‌ಮಾಸ್ಟರು ಮೇಡಂ ಕಡೆ ನೋಡಿದರು, ಮೇಡಂ ಬೀರುವಿನ ಕಡೆ ನೋಡಿದರು.

ಹೀಗೆ ಆ ಗುರುವಾರ, "ನಿಮ್ಮ ಮಿಸ್ ಆಫೀಸಲ್ಲಿ ಕೆಲ್ಸ ಮಾಡ್ತಿದಾರೆ" ಎಂದು ಹೆಡ್‌ಮಾಸ್ಟರು ಮಕ್ಕಳಿಗೆ ಹಲ್ಲುಬಿಟ್ಟು ಸುಳ್ಳು ಹೇಳುತ್ತಿರುವಾಗ, ಮೇಡಂ ಬೀರುವಿಗೂ ಗೋಡೆಗೂ ಮಧ್ಯೆ ಉಸಿರು ಬಿಗಿಹಿಡಿದು ನಿಂತಿದ್ದರು. ತಲೆಗೆ ಜೇಡರ ಬಲೆ, ಬೆನ್ನಿಗೆ ಸುಣ್ಣ, ಕಾಲ ಬೆರಳಿನ ಹತ್ತಿರ ಏನೋ ಓಡಾಡುತ್ತಿದೆ. ಐದನೇ ಕ್ಲಾಸಿಗೆ ಹೋಗುವ ದಾರಿ ಇಷ್ಟು ಇಕ್ಕಟ್ಟಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಮಕ್ಕಳು ಸಾಲಾಗಿ ನಿಂತರು. ಮೊದಲ ದೂರು ತೂತಿನೊಳಗಿಂದ ಬಂದು ತಗಡಿನಲ್ಲಿ ಗುಂಯ್‌ಗುಟ್ಟಿತು. ಎಷ್ಟು ಮೆಲ್ಲಗೆ ಹೇಳಿದರೂ ಬೀರುವಿನ ಹಿಂದೆ ನಿಂತವರಿಗೆ ಕಿವಿಯಲ್ಲೇ ಹೇಳಿದಂತೆ ಕೇಳಿಸುತ್ತಿತ್ತು.

"ಬೀರು ಮಾಮ, ಮಿಸ್ ನನ್ನ ಚಿತ್ರ ನೋಡ್ದೇನೇ ಚೆನ್ನಾಗಿದೆ ಅಂದ್ರು."

"ನ್ಯಾಯ ಸಿಗುತ್ತೆ ಮಗು, ಹೋಗಿ ಕೂತ್ಕೋ," ಎಂದರು ಮೇಡಂ ಗಂಟಲು ದಪ್ಪ ಮಾಡಿ.

ಕ್ಲಾಸಿಗೆ ಕ್ಲಾಸೇ ಒಮ್ಮೆಗೇ ಹೋ ಎಂದಿತು. ಬೀರು ಮಾಮ ಮಾತಾಡಿದ! ಸಾಲು ಎರಡರಷ್ಟಾಯಿತು. ದೂರಿಲ್ಲದವರು ಅಲ್ಲೇ ಪಕ್ಕದವರಿಗೆ ಒಂದೊಂದು ಗುದ್ದು ಕೊಟ್ಟು ದೂರು ಹುಟ್ಟಿಸಿಕೊಂಡು ಬಂದು ನಿಂತರು. ಸಾಹೇಬರ ದೊಡ್ಡ ನಗು ಕೇಳಿಸಿತು.

"ಮಾಮ, ಮಿಸ್ ನಮ್ಮಪ್ಪನ ಹತ್ರ ನಗ್ತಾ ಮಾತಾಡ್ತಾರೆ, ನಮ್ಮ ಹತ್ರ ಹಲ್ಲು ಕಚ್ಕೊಂಡು ಮಾತಾಡ್ತಾರೆ."

"ನ್ಯಾಯ ಸಿಗುತ್ತೆ ಮಗು, ಹೋಗಿ ಕೂತ್ಕೋ."

"ಮಾಮ, ನಾನು ನೆರಳಿನ ವಿಷ್ಯ ಹೇಳಿದ್ನಲ್ಲ, ಅದೇನಾಯ್ತು?" ಇದು ವಕೀಲ.

"ನ್ಯಾಯ ಸಿಗುತ್ತೆ ಮಗು."

"ಯಾವಾಗ?"

ಮೇಡಂ ಬೆವರಿದರು. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಇಲ್ಲಿ ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿಕೊಂಡ ಎರಡು ಕಿವಿಗಳು ಬೆಂಕಿಯಾಗಿದ್ದವು. ಈ ಪುಟ್ಟ ಪಿಶಾಚಿಗಳು ಇಷ್ಟು ದಿನ ಬೀರುವಿಗೆ ಹೇಳುತ್ತಿದ್ದದ್ದು ಒಬ್ಬರ ಮೇಲೊಬ್ಬರ ದೂರು ಮಾತ್ರವಲ್ಲ, ಅರ್ಧಕ್ಕರ್ಧ ತನ್ನ ಮೇಲೆಯೇ! ಮೇಡಂಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಷ್ಟರಲ್ಲಿ ಹೊರಗೆ ಸಾಹೇಬರು, "ಬಹಳ ಚೆನ್ನಾಗಿದೆ ಕಣ್ರೀ, ಇದನ್ನ ಎಲ್ಲ ಶಾಲೆಗೂ ತರ್ಬೇಕು" ಎಂದದ್ದು ಕೇಳಿಸಿತು. ಸಿಟ್ಟು ಇಳಿಯಿತು. ಇನ್ನೇನು, ಸಾಲು ಮುಗಿದರೆ ಆಯಿತು.

ಆಗ ಬಂದಳು ಕಾರಂಜಿ. ನೆತ್ತಿಯ ಮೇಲೆ ಕೂದಲನ್ನು ಕಾರಂಜಿಯ ಹಾಗೆ ಎತ್ತಿ ಕಟ್ಟಿಸಿಕೊಂಡು ಬರುತ್ತಿದ್ದ, ಇದ್ದಾಳೋ ಇಲ್ಲವೋ ಎನ್ನುವಂಥ ಹುಡುಗಿ. ಅಜ್ಜಿ ಸಾಕಿದ ಮಗು. ಬಾಯಿಯನ್ನು ತೂತಿಗೆ ಪೂರ್ತಿ ಒತ್ತಿ ಪಿಸುಗುಟ್ಟಿದಳು. ಹೊರಗೆ ಯಾರಿಗೂ ಕೇಳಿಸಿರಲಾರದು.

"ಬೀರು ಮಾಮ, ನನ್ನ ರಬ್ಬರ್ ಇನ್ನೂ ಮೂಗಲ್ಲೇ ಇದೆ. ನಿನ್ನೆಯೂ ಹೇಳಿದ್ನಲ್ಲ. ವಾಸನೆ ಚೆನ್ನಾಗಿತ್ತು ಅಂತ ಇಟ್ಕೊಂಡೆ. ಈಗ ಬರ್ತಾ ಇಲ್ಲ."

ಆ ಕ್ಲಾಸಿನಲ್ಲಿ ಹಣ್ಣಿನ ವಾಸನೆಯ ರಬ್ಬರುಗಳ ಹುಚ್ಚು ಹತ್ತಿತ್ತು. ಅದನ್ನು ಮೂಸಿ ಮೂಸಿ ಸಾಲದೆ, ವಾಸನೆ ಯಾವಾಗಲೂ ಜೊತೆಗಿರಲಿ ಎಂದು ಒಂದು ಚೂರು ಮುರಿದು ಮೂಗಿನೊಳಗೆ ಇಟ್ಟುಕೊಂಡಿದ್ದಾಳೆ ಪುಣ್ಯಾತ್ಗಿತ್ತಿ. ಮೂಗಿನಲ್ಲಿರುವುದು ಮೂಗಿನಲ್ಲೇ ಇರುತ್ತದೆಂದು ಯಾವ ನಂಬಿಕೆ? ಒಂದು ಸಲ ಜೋರಾಗಿ ಎಳೆದುಕೊಂಡರೆ ಎಲ್ಲಿಗೆ ಬೇಕಾದರೂ ಹೋದೀತು. ಈಗಲೇ ಹೊರಗೆ ಹೋಗಬೇಕು. ಹೋದರೆ? ಬೀರುವಿನ ಹಿಂದಿನಿಂದ ಜೇಡರ ಬಲೆ ಹೊದ್ದುಕೊಂಡು ಸಾಹೇಬರ ಮುಂದೆ ಪ್ರತ್ಯಕ್ಷವಾದರೆ ಐದನೇ ಕ್ಲಾಸು ಅಲ್ಲಿಗೆ ಮುಗಿಯಿತು. ನಿನ್ನೆಯಿಂದ ಇದೆಯಂತೆ, ಏನೂ ಆಗಿಲ್ಲವಲ್ಲ. ಇನ್ನು ಅರ್ಧ ಗಂಟೆ. ಸಾಹೇಬರು ಟೀ ಕುಡಿಯಲು ಎದ್ದರೆ ಸಾಕು, ತಾನೇ ಎತ್ತಿಕೊಂಡು ಓಡುತ್ತೇನೆ.

"ನ್ಯಾಯ ಸಿಗುತ್ತೆ ಮಗು," ಎಂದಿತು ಬೀರು. "ಹೋಗಿ ಕೂತ್ಕೋ."

ಮುಂದಿನ ದೂರುಗಳೇನೆಂದು ಮೇಡಂಗೆ ತಿಳಿಯಲಿಲ್ಲ. ಬಾಯಿ ತನ್ನ ಪಾಡಿಗೆ ನ್ಯಾಯ ಹಂಚುತ್ತಿತ್ತು. ಕಾರಂಜಿ ಹೋಗಿ ಕೂತಿರಲಿಲ್ಲ. ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತಿದ್ದಳು. ಸಾಲು ಸರಿಯಿತು, ಮತ್ತೆ ಅವಳ ಸರದಿ ಬಂತು.

"ಮಾಮ, ನೋಯ್ತಾ ಇದೆ. ಬಾಯಲ್ಲೇ ಉಸಿರಾಡ್ತಿದೀನಿ. ಮಿಸ್‌ಗೆ ಹೇಳು ಅಂತ ಮಾತ್ರ ಹೇಳ್ಬೇಡ. ನಿನ್ನೆ ಅವ್ರಿಗೇ ಮೊದಲು ಹೇಳಕ್ಕೆ ಹೋಗಿದ್ದೆ. ನಿನ್ನ ಹತ್ರ ಕಳಿಸಿದ್ರು."

ಹೌದು, ನಿನ್ನೆ ಯಾರೋ ಬಟ್ಟೆ ಜಗ್ಗಿದ್ದರು. ಯಾರೆಂದು ಮೇಡಂ ನೋಡಿರಲಿಲ್ಲ. ಬೆರಳು ಚಾಚಿದ್ದರು.

ಬೀರು ಕಿರ್ರೆಂದು ಮುಂದಕ್ಕೆ ಸರಿಯಿತು. ನೆತ್ತಿಯ ಮೇಲಿನ ನ್ಯಾಯಪೀಠ ಕಳಚಿ ಸಾಹೇಬರ ಕಾಲ ಬಳಿ ಬಿತ್ತು. ಅದರ ಹಿಂದೆಯೇ ಸುಣ್ಣ, ಧೂಳು, ಜೇಡರ ಬಲೆ ಸಮೇತ ಮೇಡಂ ಹೊರಬಿದ್ದರು.

"ಬೀರು ಮಾಮ ಮಿಸ್ ಆಗ್ಬಿಟ್ಟ!" ಎಂದು ಯಾರೋ ಕಿರುಚಿದರು. ಬೆಕ್ಕಿನ ಹುಡುಗ ಮೇಜಿನ ಕೆಳಗೆ ನುಗ್ಗಿದ. ಹಿಂದಿನ ಸಾಲು ಎಂದಿನಂತೆ ಅಳಲು ಶುರು ಮಾಡಿತು.

"ಮೇಡಂ! ನೀವು ಆಫೀಸಲ್ಲಿ..." ಎಂದ ಹೆಡ್‌ಮಾಸ್ಟರು, ಮುಂದಿನ ಸುಳ್ಳು ಸಿಗದೆ ಬಾಯಿ ತೆರೆದುಕೊಂಡೇ ಉಳಿದರು.

ಮೇಡಂ ಯಾರ ಮುಖವನ್ನೂ ನೋಡಲಿಲ್ಲ. "ಇವ್ಳ ಮೂಗಲ್ಲಿ ರಬ್ಬರ್ ಸಿಕ್ಕೊಂಡಿದೆ ಸರ್" ಎಂದವರೇ ಕಾರಂಜಿಯನ್ನು ಎತ್ತಿ ಸೊಂಟಕ್ಕೇರಿಸಿಕೊಂಡು, ಗೇಟು ದಾಟಿ, ರಸ್ತೆಯಾಚೆಯ ಕ್ಲಿನಿಕ್ಕಿಗೆ ಓಡಿದರು.

ಡಾಕ್ಟರು ಮಗುವಿನ ತಲೆ ಹಿಂದಕ್ಕೆ ಬಾಗಿಸಿ, ಸಣ್ಣ ಟಾರ್ಚು ಬಿಟ್ಟು ನೋಡಿ, ತೆಳ್ಳನೆಯ ಚಿಮಟ ಹಾಕಿ ಎಳೆದರು. ಗುಲಾಬಿ ಬಣ್ಣದ ಚೂರು, ರಕ್ತ ಹತ್ತಿದ್ದು, ಟ್ರೇಯೊಳಗೆ ಬಿತ್ತು. ಕಾರಂಜಿ ಅಳಲಿಲ್ಲ. ಅತ್ತವರು ಮೇಡಂ.

"ಇನ್ನೂ ಮೇಲೆ ಹೋಗಿದ್ರೆ ಕಷ್ಟ ಆಗ್ತಿತ್ತು," ಎಂದರು ಡಾಕ್ಟರು ಮೂಗಿಗೆ ಹತ್ತಿ ಇಡುತ್ತ. "ನಿನ್ನೆಯಿಂದ ಯಾರಿಗೂ ಹೇಳ್ಲಿಲ್ವೇನಮ್ಮ ನೀನು?"

"ಹೇಳಿದ್ದೆ. ಬೀರು ಮಾಮಂಗೆ."

"ಅವ್ರಿಗಾದ್ರೂ ಬುದ್ಧಿ ಬೇಡ್ವಾ? ಮಗು ಬಾಯಿಬಿಟ್ಟು ಹೇಳಿದ್ರೂ ಸುಮ್ನಿರೋದಾ? ಎಂಥಾ ಮಾಮ ಅವ್ನು!"

ಮೇಡಂ ಗೋಡೆಗೆ ಅಂಟಿಸಿದ್ದ ಹಲ್ಲುಜ್ಜುವ ಕ್ರಮದ ಪಟವನ್ನು ಬಹಳ ಆಸಕ್ತಿಯಿಂದ ಓದಿದರು.

ಅಜ್ಜಿಗೆ ಹೇಳಿ ಕಳಿಸಿ, ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿರುವಾಗ ಅಟೆಂಡರ್ ಊದಿದ ಕೆನ್ನೆ ಹಿಡಿದುಕೊಂಡು ಬಂದ. ಸುದ್ದಿ ತಂದಿದ್ದ. ಸಾಹೇಬರಿಗೆ ಸಿಟ್ಟೇ ಬರಲಿಲ್ಲವಂತೆ. ಸಿಟ್ಟಿನ ಬದಲು ಕಣ್ಣಲ್ಲಿ ನೀರು ಬಂತಂತೆ. ಮಕ್ಕಳ ಕಷ್ಟ ಕೇಳುವುದಕ್ಕೆ ಧೂಳಿನಲ್ಲಿ ಬಚ್ಚಿಟ್ಟುಕೊಂಡು ನಿಲ್ಲುವ ಇಂಥ ತಾಯಿಯನ್ನು ತಾವು ಕಂಡೇ ಇಲ್ಲ ಎಂದರಂತೆ.

"ಇವ್ರನ್ನ ರಿಟೈರ್ ಆಗೋವರ್ಗೂ ಒಂದನೇ ಕ್ಲಾಸಿಂದ ಅಲ್ಲಾಡಿಸ್ಬೇಡಿ ಅಂತ ಹೆಡ್‌ಮಾಸ್ಟ್ರಿಗೆ ಹೇಳಿ ಹೋದ್ರು ಮೇಡಂ," ಎಂದ ಅಟೆಂಡರ್, ಒಂದೊಂದೇ ಪದವನ್ನು ಕೆನ್ನೆಯ ಪಕ್ಕದಿಂದ ತಳ್ಳುತ್ತ. "ಐದನೇ ಕ್ಲಾಸು ಹೊಲಿಗೆ ಟೀಚರ್‌ಗಂತೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇರೆ ದಿನವಾಗಿದ್ದರೆ ಮೇಡಂ ಅಲ್ಲೇ ಹಣೆ ಚಚ್ಚಿಕೊಳ್ಳುತ್ತಿದ್ದರು, ಸಂಜೆ ಗಂಡನ ತಲೆ ತಿನ್ನುತ್ತಿದ್ದರು. ಆದರೆ ಆ ತಾಯಿ ಎಂಬ ಮಾತು ಬೆನ್ನಿನ ಸುಣ್ಣಕ್ಕಿಂತ ಹೆಚ್ಚು ತುರಿಸುತ್ತಿತ್ತು. ಬೈದಿದ್ದರೆ ವಾಸಿಯಾಗಿತ್ತು ಎನಿಸಿತು. ಅಟೆಂಡರ್ ಹೊರಟುಹೋದ.

ಕಾರಂಜಿ ಬೆಂಚಿನ ಮೇಲೆ ಕಾಲು ಆಡಿಸುತ್ತ ಏನೋ ಲೆಕ್ಕ ಹಾಕುತ್ತಿದ್ದಳು. ಹತ್ತಿ ತುರುಕಿದ ಮೂಗಿನಿಂದ ಮಾತು ಗುಂಯ್ಯೆಂದು ಬಂತು.

"ಮಿಸ್, ನಾನು ಎರಡನೇ ಸಲ ಹೇಳಿದಾಗ ನೀವು ಆಚೆ ಬಂದ್ರಿ."

"ಹೂಂ ಕಂದಾ."

"ಮೊದಲನೇ ಸಲ ಹೇಳಿದಾಗ ಹಿಂದೆ ಯಾರಿದ್ರು?"

ಸುಳ್ಳು ಹೇಳಬಹುದಿತ್ತು. ಅಟೆಂಡರ್ ಇದ್ದ ಎಂದರೆ ಮುಗಿಯುತ್ತಿತ್ತು, ಮಗು ನಂಬುತ್ತಿತ್ತು. ಇಷ್ಟು ವರ್ಷ ಆರು ವರ್ಷದವರ ಎಲ್ಲ ಪ್ರಶ್ನೆಗೂ ಮೇಡಂ ಹತ್ತಿರ ಇಂಥದೊಂದು ಉತ್ತರ ತಯಾರಿರುತ್ತಿತ್ತು.

"ನಾನೇ ಇದ್ದೆ."

"ಕೇಳಿಸ್ತಾ ನಿಮಗೆ?"

"ಕೇಳಿಸ್ತು."

ಕಾಲು ಆಡುವುದು ನಿಂತಿತು. ಕಾರಂಜಿಗೆ ಸಿಟ್ಟು ಬಂದಂತಿರಲಿಲ್ಲ. ನಿಯಮ ಪಾಲಿಸುವ ಮಗು ಅದು, ಮುಂದಿನ ಕೆಲಸವೇನೆಂದು ಯೋಚಿಸುತ್ತಿತ್ತು.

"ಹಾಗಾದ್ರೆ ನಿಮ್ಮ ಮೇಲೆ ಒಂದು ಕಂಪ್ಲೇಂಟ್ ಇದೆ ಮಿಸ್. ಯಾರ ಹತ್ರ ಹೇಳ್ಲಿ?"

ಮೇಡಂ ಬೆರಳು ಅಭ್ಯಾಸಬಲದಿಂದ ಮೇಲೆದ್ದಿತು. ಅತ್ತ ಇತ್ತ ತೋರಿಸಲು ಏನೂ ಇರಲಿಲ್ಲ. ಕೈಯನ್ನು ಮಡಿಲಿಗೆ ಹಾಕಿಕೊಂಡರು.

"ನನ್ನ ಹತ್ರಾನೇ ಹೇಳು."

ಕಾರಂಜಿ ಬೆಂಚಿನಿಂದ ಇಳಿದಳು. ತನಗಿಂತ ಮುಂದೆ ಯಾರೂ ಸಾಲಿನಲ್ಲಿಲ್ಲ ಎಂದು ಸುತ್ತ ನೋಡಿ ಖಾತ್ರಿ ಮಾಡಿಕೊಂಡಳು. ಕಲಿಸಿಕೊಟ್ಟಿದ್ದ ಹಾಗೆ ಕೈ ಹಿಂದೆ ಕಟ್ಟಿ, ಮೇಡಂ ಕಿವಿಗೆ ಬಾಯಿ ಹಚ್ಚಿ, ಶಾಲೆ ಶುರುವಾದ ಮೊದಲನೆಯ ದಿನದಿಂದ ಆರಂಭಿಸಿದಳು. ರಬ್ಬರಿನ ವಿಷಯ ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ಅಜ್ಜಿ ಏದುಸಿರು ಬಿಡುತ್ತ ಬಂದು ಮುಂದೆ ನಿಂತಾಗಲೂ ಮೇಡಂ ಕಿವಿಯನ್ನು ಆಚೆ ಸರಿಸಲಿಲ್ಲ.